ಒಂದೇ ತೋಳಿನ ರಕ್ತ

"ನನ್ನ ಸ್ಯಾಂಪಲ್ ಬೇಡ ಅಂದಿದ್ದು ಯಾರ್ರೀ?"

ಲ್ಯಾಬಿನ ಬಾಗಿಲು ದಡಾರನೆ ತೆರೆದುಕೊಂಡಿತು. ಯಂತ್ರದ ಮುಂದೆ ಕೂತಿದ್ದವಳು ತಲೆ ಎತ್ತಿದಳು. ಎದುರಿಗೆ ಒಬ್ಬ ಗಂಡು ನರ್ಸ್... ಮೆಟ್ಟಿಲಿಳಿದು ಬಂದ ಏದುಸಿರು, ಕಣ್ಣಲ್ಲಿ ಕಿಡಿ!

"ನಾನು," ಎಂದಳು ತಣ್ಣಗೆ.

"ಆ ಅಜ್ಜಿಗೆ ನರ ಸಿಗೋದೇ ಕಷ್ಟ. ಎಷ್ಟು ಪೂಸಿ ಹೊಡೆದು ರಕ್ತ ತೆಗ್ದಿದ್ದೆ ಗೊತ್ತಾ?"

"ಅದು ಗೊತ್ತಿಲ್ಲ. ಇದು ಗೊತ್ತು, ನೋಡಿ." ಅವಳು ಗಾಜಿನ ಟ್ಯೂಬನ್ನು ಬೆಳಕಿಗೆ ಹಿಡಿದಳು. "ಮೇಲಿರೋ ನೀರು ತಿಳಿಹಳದಿ ಇರ್ಬೇಕು. ಇದು ಗುಲಾಬಿ. ರಕ್ತಕಣ ಒಡೆದು ಹೋಗಿವೆ. ಇದನ್ನ ಪರೀಕ್ಷೆ ಮಾಡಿದ್ರೆ ಅಜ್ಜಿಗೆ ಇಲ್ಲದ ಕಾಯಿಲೆ ಇದೆ ಅಂತ ಬರುತ್ತೆ. ಸುಳ್ಳು ರಿಪೋರ್ಟ್ ನನ್ನ ಕೈಯಿಂದ ಹೋಗಲ್ಲ."

ಅವನು ಸರ್ರನೆ ತಿರುಗಿ ಹೊರಟುಹೋದ.

ಸ್ವಲ್ಪ ಹೊತ್ತಿಗೆ ಹೊಸ ಟ್ಯೂಬನ್ನು ತಾನೇ ಹಿಡಿದು ತಂದು ಮೇಜಿನ ಮೇಲಿಟ್ಟ. ಅವಳು ಯಂತ್ರದಲ್ಲಿ ತಿರುಗಿಸಿ ತೆಗೆದು ನೋಡಿದರೆ ಈ ಸಲ ತಿಳಿಹಳದಿ!

"ನೋಡಿದ್ರಾ? ಗಮನ ಕೊಟ್ರೆ ಚೆನ್ನಾಗೇ ಬರುತ್ತೆ," ಎಂದಳು.

"ಅದೇ ಅಜ್ಜಿ, ಅದೇ ಕೈ. ಆವಾಗ್ಲೂ ಹೀಗೇ ತೆಗ್ದಿದ್ದು ಮೇಡಂ!"

'ಎಂಥ ಜಂಭ!' ಅಂದುಕೊಂಡಳು. ಆದರೂ ಅವನು ಹೋದ ಮೇಲೆ ಬಾಗಿಲ ಕಡೆ ಯಾಕೆ ನೋಡುತ್ತಾ ಕೂತಳೋ...

ಅವಳು ರೋಗಪತ್ತೆಯ ಶಾಸ್ತ್ರದಲ್ಲಿ ಎಂಎಸ್ಸಿ ಕೊನೆಯ ವರ್ಷದ ವಿದ್ಯಾರ್ಥಿನಿ. ತರಬೇತಿ ಈ ಆಸ್ಪತ್ರೆಯ ಲ್ಯಾಬಿನಲ್ಲಿ. ಸ್ಯಾಂಪಲ್‌ಗಳು ಯಾಕೆ ಕೆಡುತ್ತವೆ ಎಂಬುದೇ ಅವಳ ಪ್ರಾಜೆಕ್ಟು. ಅವನು ಮೇಲಿನ ಮಹಡಿಯ ಕೊನೆಯ ವಾರ್ಡಿನವನು.

ಜಗಳದಿಂದ ಶುರುವಾದದ್ದು ಕ್ಯಾಂಟೀನಿನ ಟೀಗೆ ಬಂದು ನಿಂತಿತು. ಅವನು ರೋಗಿಗಳ ತಮಾಷೆ ಹೇಳಿದರೆ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಇಡೀ ಆಸ್ಪತ್ರೆ ಅವನನ್ನು 'ಬ್ರದರ್' ಎಂದೇ ಕರೆಯುತ್ತಿತ್ತು.

"ನೀವು ಮಾತ್ರ ಯಾಕೆ ಹಾಗೆ ಕರೆಯಲ್ಲ?" ಎಂದು ಅವನು ಒಮ್ಮೆ ಕೇಳಿದ.

"ನನಗೆ ಮನೇಲಿ ಇಬ್ರು ಅಣ್ಣಂದಿರು ಇದಾರೆ. ಸಾಕು!"

ಹೇಳಿ ತಾನೇ ಕೆಂಪಾದಳು. ಅವನ ಟೀ ತುಟಿಗೆ ಹೋಗದೆ ಅರ್ಧದಲ್ಲೇ ನಿಂತಿತು.

ಆದರೆ ಅವಳ ಸೆಮಿನಾರು ಎಲ್ಲವನ್ನೂ ಬುಡಮೇಲು ಮಾಡಿತು. ಕೆಟ್ಟ ಸ್ಯಾಂಪಲ್‌ಗಳು ಯಾವ ಯಾವ ವಾರ್ಡಿನಿಂದ ಬಂದವು ಎಂದು ಪರದೆಯ ಮೇಲೆ ಕಂಬಗಳ ನಕ್ಷೆ ಹಾಕಿ ತೋರಿಸಿದಳು. ಎಲ್ಲಕ್ಕಿಂತ ಎತ್ತರದ ಕೆಂಪು ಕಂಬ ಅವನ ವಾರ್ಡಿನದು. ಯಾರ ಹೆಸರನ್ನೂ ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ... ಆ ವಾರ್ಡಿನಲ್ಲಿ ಹೆಚ್ಚಾಗಿ ರಕ್ತ ತೆಗೆಯುತ್ತಿದ್ದವನು ಅವನೇ. ಮರುದಿನವೇ ಹೆಡ್ ನರ್ಸ್ ಅವನ ಕೈಯಿಂದ ಸೂಜಿ ಕಿತ್ತುಕೊಂಡು ಅವನನ್ನು ಸ್ಟೋರ್ ರೂಮಿನ ಕೆಲಸಕ್ಕೆ ಹಾಕಿದರು.

"ಮುಂದೆ ಕೂತು ನಗ್ತಾ ಇದ್ರಿ. ಒಳಗೊಳಗೇ ನನ್ನ ತಪ್ಪು ಲೆಕ್ಕ ಹಾಕ್ತಾ ಇದ್ರಾ?" ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಇಲ್ಲ! ನಾನು ವಾರ್ಡ್ ಅಂದೆ, ನೀವು ಅನ್ಲಿಲ್ಲ..."

"ವಾರ್ಡ್ ಅಂದ್ರೆ ನಾನೇ ಅಲ್ವಾ?"

ಅವನು ತಿರುಗಿ ನೋಡದೆ ನಡೆದ. ಅವಳ ಕಣ್ಣು ತುಂಬಿ ಬಂತು. ಆದರೆ ಅಳುತ್ತಾ ಕೂರುವ ಜಾಯಮಾನ ಅವಳದಲ್ಲ.

'ಅಂಕಿ ಸುಳ್ಳಲ್ಲ. ಅವನೂ ಸುಳ್ಳನಲ್ಲ. ಹಾಗಾದ್ರೆ ನಡುವೆ ಏನಿದೆ?'

ಅದೇ ಅಜ್ಜಿ, ಅದೇ ಕೈ ಅಂದಿದ್ದನಲ್ಲ... ಮೊದಲನೆಯದು ಕೆಟ್ಟಿತ್ತು, ಎರಡನೆಯದು ಚೆನ್ನಾಗಿತ್ತು. ಎರಡನೆಯದನ್ನು ಅವನು ನಡೆದು ತಂದಿದ್ದ! ಮೊದಲನೆಯದು ಬಂದದ್ದು ವಾರ್ಡಿನಿಂದ ಲ್ಯಾಬಿಗೆ ಸ್ಯಾಂಪಲ್ ಕಳಿಸುವ ಗೋಡೆಯೊಳಗಿನ ಕೊಳವೆಯಲ್ಲಿ, ಗಾಳಿಯ ರಭಸಕ್ಕೆ ಡಬ್ಬಿಯಲ್ಲಿ ಕೂತು. ಅವನ ವಾರ್ಡಿನ ಕೊಳವೆಯೇ ಎಲ್ಲಕ್ಕಿಂತ ಉದ್ದ, ತಿರುವುಗಳೂ ಹೆಚ್ಚು... ಆ ಕುಲುಕಾಟಕ್ಕೇ ರಕ್ತಕಣ ಒಡೆಯುತ್ತಿರಬಹುದು!

ನೇರ ತನ್ನ ಪ್ರಾಜೆಕ್ಟಿನ ಪ್ರೊಫೆಸರ್ ಮೇಡಂ ಹತ್ತಿರ ಹೋಗಿ ಒಪ್ಪಿಗೆ ಪಡೆದಳು. ಆಮೇಲೆ ಸ್ಟೋರ್ ರೂಮಿಗೆ ನುಗ್ಗಿ ಕೋಟಿನ ತೋಳು ಮಡಚಿ ನಿಂತಳು.

"ರಕ್ತ ತೆಗೀರಿ."

"ನನ್ನ ಕೈಗೆ ಸೂಜಿ ಕೊಡ್ಬಾರ್ದು ಅಂತ ಆರ್ಡರ್ ಇದೆ."

"ಒಪ್ಪಿಗೆ ತಂದಿದೀನಿ. ಎರಡು ಟ್ಯೂಬ್. ಒಂದು ಕೊಳವೆಯಲ್ಲಿ, ಒಂದು ಕೈಯಲ್ಲಿ. ನಿಮ್ಮ ಕೈ ಮೇಲೆ ನನಗೆ ಅನುಮಾನ ಇದ್ದಿದ್ರೆ ನನ್ನ ತೋಳು ಕೊಡ್ತಿದ್ನಾ?"

ವಾರ್ಡಿನ ಕುರ್ಚಿಯಲ್ಲಿ ಅವಳನ್ನು ಕೂರಿಸಿ ಅವನು ಮೊಣಕೈಯ ಮಡಿಕೆಯಲ್ಲಿ ನರ ಹುಡುಕಿದ. ಸೂಜಿ ಹೋದದ್ದೇ ಅವಳಿಗೆ ತಿಳಿಯಲಿಲ್ಲ. ಸೂಜಿ ತೆಗೆದು ಅವನು ಹತ್ತಿ ಒತ್ತಿ ಹಿಡಿದ.

"ನೋವಾಯ್ತಾ?"

"ಇದಕ್ಕಲ್ಲ... ನೀವು ಮಾತು ಬಿಟ್ರಲ್ಲ, ಅದಕ್ಕೆ."

ಕೊಳವೆಯಲ್ಲಿ ಹೋದದ್ದು ಗುಲಾಬಿ. ಕೈಯಲ್ಲಿ ಹೋದದ್ದು ತಿಳಿಹಳದಿ.

"ಒಬ್ಬರ ರಕ್ತ ಸಾಕ್ಷಿ ಆಗಲ್ಲ," ಎಂದರು ಪ್ರೊಫೆಸರ್. ಆದರೆ ಮೊದಲು ತೋಳು ಚಾಚಿದವರೂ ಅವರೇ! ಹಿಂದೆಯೇ ಇಡೀ ತರಗತಿ ಸಾಲುಗಟ್ಟಿತು. ಒಂದಾದ ಮೇಲೊಂದು ಜೋಡಿ ಟ್ಯೂಬು ಅದೇ ಮಾತು ಹೇಳಿತು. ಎಂಜಿನಿಯರ್ ಬಂದು ಕೊಳವೆ ಬಿಚ್ಚಿ ನೋಡಿ, ಗಾಳಿಯ ವೇಗ ಮಿತಿಮೀರಿದೆ ಎಂದು ಒಪ್ಪಿಕೊಂಡ. ಹೆಡ್ ನರ್ಸ್ ಎಲ್ಲರೆದುರು ಅವನಿಗೆ "ತಪ್ಪು ನಂದಪ್ಪ" ಅಂದರು.

ಅವನು ವಾರ್ಡಿಗೆ ಮರಳಿದ ದಿನ ಅವಳು ಮೆಟ್ಟಿಲ ಬಳಿ ಅಡ್ಡ ನಿಂತಳು.

"ಕ್ಷಮಿಸಿ," ಎಂದ ಅವನು. "ನಿಮ್ಮನ್ನ ನಂಬ್ಲಿಲ್ಲ ನಾನು..."

"ಕಾರಣ ಗೊತ್ತಾಗೋ ಮೊದ್ಲೇ ಕಂಬ ತೋರ್ಸಿದ್ದು ನನ್ನ ತಪ್ಪು. ಅದು ಮುಗೀತು. ಈಗ ಬೇರೆ ಮಾತು. ನೀನಂದ್ರೆ ನನಗಿಷ್ಟ."

'ನೀವು' ಎಲ್ಲಿ ಹೋಯಿತೆಂದು ಅವನು ತಬ್ಬಿಬ್ಬಾದ.

"ನಿಮ್ಮನೇಲಿ... ನರ್ಸ್ ಅಳಿಯನ್ನ ಒಪ್ತಾರಾ?"

"ಅವರನ್ನ ಒಪ್ಸೋದು ನನ್ನ ಕೆಲಸ. ನಿಂದೇನು, ಅದನ್ನ ಹೇಳು."

"ನಂಗೂ ಇಷ್ಟ..."

"ಕೇಳಿಸ್ಲಿಲ್ಲ."

"ನಂಗೂ ನೀನಂದ್ರೆ ಪ್ರಾಣ ಕಣೇ!"

ಗಾಲಿಕುರ್ಚಿಯಲ್ಲಿ ಹೋಗುತ್ತಿದ್ದ ತಾತನೊಬ್ಬ ಕತ್ತು ಹೊರಳಿಸಿ ನಕ್ಕ. ಅವನು ನಾಚಿ ತಲೆ ತಗ್ಗಿಸಿದ.

ಅವಳು ಅವನ ಕೈ ಹಿಡಿದುಕೊಂಡಳು. "ಈಗ ಕೇಳಿಸ್ತು," ಎಂದಳು.