ದಾದಿಯ ಏರ್‌ಪೋರ್ಟ್‌ಗಳು

ರುಹಿ ದಾದಿ ಎಂದು ಕರೆಯುವ ಅವಳ ಅಜ್ಜಿ, ಆಟೋದೊಳಗೆ ಇಟ್ಟಿದ್ದ ಕಾಲನ್ನು ಮತ್ತೆ ಹೊರಗೆ ತೆಗೆದರು.

“ನಾ ಒಲ್ಲೆ. ನೀವ ಹೋಗಿ ಬರ್ರಿ.”

ಡಂಬಳದಲ್ಲಿ ದಾದಿಯ ತಂಗಿ ಫಕೀರಬಿ ಕಾಲು ಮುರಿದುಕೊಂಡು ಮಲಗಿದ್ದರು. ಅವರನ್ನು ನೋಡಬೇಕೆಂದು ದಾದಿ ಹಂಬಲಿಸುತ್ತಿದ್ದರು. ಆದರೆ ದಾದಿಗೆ ಸಕ್ಕರೆ ಕಾಯಿಲೆ. ಮೇಲಿಂದ ಮೇಲೆ ಬಾತ್‌ರೂಮಿಗೆ ಹೋಗಬೇಕು. ಹಿಂದೊಮ್ಮೆ ಬಸ್ಸಿನಲ್ಲಿ ಪಟ್ಟ ಪಾಡು ನೆನೆದು, ತಮ್ಮೂರು ಬೆಟಗೇರಿ ಬಿಟ್ಟು ಎಲ್ಲಿಗೂ ಹೊರಡುತ್ತಿರಲಿಲ್ಲ.

ರುಹಿಗೆ ಶಾಕೀರ ಮಾಮು ಹೇಳಿದ್ದು ನೆನಪಾಯಿತು. ಮಾಮು ಗಲ್ಫಿನಲ್ಲಿ ವಿಮಾನದ ಮೆಕ್ಯಾನಿಕ್. ಎರಡು ಇಂಜಿನ್ನಿನ ವಿಮಾನ ಸಮುದ್ರ ದಾಟುವಾಗ ಒಂದು ಇಂಜಿನ್ ಕೆಟ್ಟರೂ, ಇನ್ನೊಂದರಿಂದಲೇ ಇಂತಿಷ್ಟು ಹೊತ್ತಿನೊಳಗೆ ಯಾವುದಾದರೂ ಏರ್‌ಪೋರ್ಟ್ ಮುಟ್ಟುವಂತಿರಬೇಕು, ದಾರಿಯನ್ನು ಹಾಗೆಯೇ ಹಾಕಿಕೊಳ್ಳಬೇಕು ಎಂದು ರೂಲ್ ಇದೆಯಂತೆ. ಆ ಏರ್‌ಪೋರ್ಟ್ ತೆರೆದಿರುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಬೇಕಂತೆ.

“ದಾದಿ, ದಾರ್ಯಾಗ ಪರಿಚಯದವರ ಮನಿ ಅದಾವಲ್ಲ? ಮಾಮು ಹೇಳಿದಂಗ, ಬೇಕಾದಾಗ ಇಳ್ಯಾಕ ಅವ ನಮ್ಮ ಏರ್‌ಪೋರ್ಟ್,” ಎಂದಳು ರುಹಿ.

ಆಟೋ ಓಡಿಸುವ ಅಬ್ಬಾ, ದಾದಿಯ ಮಗ ಮಾಶಾಕ, ನಕ್ಕರು. ದಾದಿ ನಗಲಿಲ್ಲ, ಯಾರ ಯಾರ ಮನೆ ಎಂದು ಕೇಳಿದರು.

ರುಹಿ ಅಬ್ಬಾನ ಫೋನಿನಿಂದ ನಿಜಲಿಂಗಪ್ಪ ಕಾಕಾನಿಗೂ ಹಾಜಿರಾಬಿ ಚಾಚಿಗೂ ಕರೆ ಮಾಡಿ, ಮನೆಯಲ್ಲಿರುತ್ತೀರಾ ಎಂದು ಕೇಳಿದಳು. ಇಬ್ಬರೂ ಹೂಂ ಎಂದರು. ಕೊನೆಯದು ಸಿದ್ದಲಿಂಗವ್ವನ ಹೊಲದ ಮನೆ. ಆಕೆ ಫೋನ್ ಎತ್ತಲಿಲ್ಲ. ಎಲ್ಲಿಗೆ ಹೋಗುತ್ತಾಳೆ, ಅಲ್ಲೇ ಇರುತ್ತಾಳೆ ಎಂದು ರುಹಿ ತಾನೇ ತೀರ್ಮಾನಿಸಿದಳು.

ಮೊದಲ ಏರ್‌ಪೋರ್ಟಿನಲ್ಲಿ ದಾದಿ ಆರಾಮಾಗಿ ಹೋಗಿ ಬಂದರು. ಆದರೆ ಚಹಾ ಕುಡಿಯದೆ ಕಾಕಾ ಬಿಡಲಿಲ್ಲ. ಆ ಚಹಾದಿಂದಾಗಿ ಎರಡನೆಯ ಏರ್‌ಪೋರ್ಟೂ ಬೇಕಾಯಿತು. ಅಲ್ಲಿ ಚಾಚಿ ದೊಡ್ಡ ಗ್ಲಾಸಿನಲ್ಲಿ ಮಜ್ಜಿಗೆ ಕೊಟ್ಟರು. ಬೇಡ ಎಂದರೆ ಬೇಜಾರಾದಾರೆಂದು ದಾದಿ ಇನ್ನೊಂದು ಗ್ಲಾಸನ್ನೂ ಕುಡಿದರು.

ಸಿದ್ದಲಿಂಗವ್ವನ ಮನೆ ಕಾಣುವಷ್ಟರಲ್ಲಿ ದಾದಿಯ ಮಾತು ನಿಂತುಹೋಗಿತ್ತು. ನೋಡಿದರೆ, ಬಾಗಿಲಿಗೆ ಬೀಗ.

“ಏರ್‌ಪೋರ್ಟ್ ಬಂದ್ ಐತಿ,” ಎಂದರು ಅಬ್ಬಾ.

ರುಹಿ ತಲೆ ತಗ್ಗಿಸಿದಳು. ಚಾಚಿಯ ಮನೆಗೆ ವಾಪಸ್ ಹೋಗೋಣವೇ ಎಂದು ಮೆಲ್ಲಗೆ ಕೇಳಿದಳು.

“ಹಿಂದಕ ಹೋದ್ರ ಮತ್ತ ಮಜ್ಜಿಗಿ ಕುಡಸ್ತಾಳ. ಮಾಶಾಕ, ಡಂಬಳಕ್ಕ ಹೊಡಿ,” ಎಂದರು ದಾದಿ ಮಗನಿಗೆ.

ಒಂದೊಂದು ತಗ್ಗು ಬಂದಾಗಲೂ ದಾದಿ ಕಣ್ಣು ಮುಚ್ಚಿ ರುಹಿಯ ಕೈ ಹಿಂಡಿದರು. ಡಂಬಳದಲ್ಲಿ ಫಕೀರಬಿ ಮಂಚದ ಮೇಲಿಂದ ಎರಡೂ ಕೈ ಚಾಚಿದರು. ದಾದಿ ಅವರನ್ನು ದಾಟಿ ದಡದಡನೆ ಹಿತ್ತಲಿಗೆ ಓಡಿದರು. ಅಕ್ಕನಿಗೆ ಯಾಕೆ ಸಿಟ್ಟು ಬಂತೋ ಎಂದು ಫಕೀರಬಿ ಗಾಬರಿಯಾದರು. ವಿಷಯ ತಿಳಿದ ಮೇಲೆ ಅಕ್ಕತಂಗಿಯರ ನಗು ನಿಲ್ಲಲೇ ಇಲ್ಲ. ಪ್ಲಾಸ್ಟರಿನ ಕಾಲು ಅಲುಗಾಡುತ್ತದೆ, ನಗಿಸಬೇಡ ಎಂದು ಫಕೀರಬಿ ಬೇಡಿಕೊಂಡರು.

ಸಂಜೆ ಹೊರಡುವ ಮೊದಲು ರುಹಿ ಸಿದ್ದಲಿಂಗವ್ವನಿಗೆ ಬಿಡದೆ ಫೋನ್ ಮಾಡಿದಳು. ಕೊನೆಗೂ ಆಕೆ ಎತ್ತಿ, ಸಂತೆಗೆ ಹೋಗಿದ್ದೆ, ಈಗ ಮನೆಯಲ್ಲೇ ಇದ್ದೇನೆ ಎಂದಳು.

ಆ ಮನೆ ಬಂದಾಗ ಅಬ್ಬಾ ಆಟೋ ನಿಧಾನ ಮಾಡಿದರು. ಬಾಗಿಲು ಹಾರುಹೊಡೆದಿತ್ತು. ಅಂಗಳದಲ್ಲಿ ನಿಂತಿದ್ದ ಸಿದ್ದಲಿಂಗವ್ವನಿಗೆ ದಾದಿ ನಗುತ್ತ ಕೈ ಬೀಸಿ, ಮುಂದೆ ನಡಿ ಎಂದು ಅಬ್ಬಾನ ಭುಜ ತಟ್ಟಿದರು.

“ಇಳ್ಯೂದಿಲ್ಲೇನ ದಾದಿ?”

“ತೆರದೈತಲ್ಲ, ಸಾಕು.”

ರುಹಿ ಹಾಜಿರಾಬಿ ಚಾಚಿಗೆ ಫೋನ್ ಹಚ್ಚಿದಳು.

“ಚಾಚಿ, ನಾವು ಇಳ್ಯೂದಿಲ್ರಿ. ಆದ್ರೂ ಬಾಗಿಲಾ ತೆರದ ಇಡ್ರಿ.”