ಕೋಳಿ ಗೂಡಿನ ಮೇಲಿನ ಬಂಪರ್

ಕಬ್ಬೂರಿನ ದಾವಲಸಾಬ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದವನೇ ಠಾಣೆಗೆ ಫೋನ್ ಮಾಡಿದ. ಹಳೇ ಕಾರುಗಳಿಗೆ ಫೈಬರ್ ಬಂಪರ್ ಮಾಡುವ ಅವನ ಅಚ್ಚನ್ನು ಯಾರೋ ಗರಗಸದಿಂದ ಕೊಯ್ದಿದ್ದರು.

ಎಸ್‌ಐ ದ್ರೌಪದಿ ಅರ್ಧ ಗಂಟೆಯಲ್ಲಿ ಬಂದಳು. ಹೇಗೂ ಅವಳು ಅಂದು ಅಲ್ಲಿಗೆ ಬರುವವಳೇ. ಎರಡು ವಾರದ ಹಿಂದೆ ರಾಯಬಾಗ ರಸ್ತೆಯಲ್ಲಿ ಹಾಲಿನ ಸೈಕಲ್ಲಿಗೆ ಗುದ್ದಿ ಓಡಿದ ಕಾರು ಇನ್ನೂ ಸಿಕ್ಕಿರಲಿಲ್ಲ. ಸೊಂಟ ಮುರಿದು ಮಲಗಿದ ಹಾಲಿನವನ ಪಕ್ಕ ಕೂತು ಅವನ ಹೆಂಡತಿ ಲಗಮವ್ವ ಕೇಳಿದ್ದು ಒಂದೇ ಮಾತು: "ಯಾರು ಅಂತ ಹೇಳ್ರಿ, ಸಾಕು." ಗ್ಯಾರೇಜುಗಳ ತಪಾಸಣೆ ಮುಗಿದಿತ್ತು. ಇನ್ನು ಮನೆಯಲ್ಲೇ ಕಾರಿನ ರಿಪೇರಿ ಮಾಡುವವರ ಸರದಿ ಎಂಬುದು ಊರಿಗೆಲ್ಲ ಗೊತ್ತಿತ್ತು.

"ಅಮೋಲಂದ ಕೆಲಸರಿ ಇದು. ಕೆಲಸ ಬಿಡಿಸಿದ ಸಿಟ್ಟು ಐತಿ ಅವಗ," ಎಂದ ದಾವಲಸಾಬ.

ಕರೆಸಿ ನೋಡಿದರೆ ಅಮೋಲನ ತೋಳುಗಳು ನಿಜಕ್ಕೂ ಕೆಂಪಾಗಿದ್ದವು.

"ಕಬ್ಬ ಕಡಿಯಾಕ ಹೊಂಟೇನ್ರಿ. ರವದಿ ಗರಿ ಕೊಯ್ದೈತಿ."

"ಫೈಬರ್ ಕೊಯ್ದ್ರೂ ಹಿಂಗ ಆಗತೈತೇನು?" ದ್ರೌಪದಿ ದಾವಲಸಾಬನನ್ನು ಕೇಳಿದಳು.

"ಇಲ್ರಿ. ಗೀರು ಬೀಳಂಗಿಲ್ಲ. ಅದರ ಧೂಳಿಗೆ ಸಣ್ಣ ಗುಳ್ಳಿ ಎದ್ದು ತುರಸತೈತಿ."

ಅಮೋಲನ ಮೈಮೇಲೆ ಬರೀ ಉದ್ದುದ್ದ ಗೀರು. ಪಾಪ, ಅವನನ್ನು ಬಿಟ್ಟಳು.

ಅಚ್ಚಿನ ತುಂಡುಗಳನ್ನು ಜೋಡಿಸಿ ನೋಡಿದಳು. ಎಡಮೂಲೆಯೇ ಇಲ್ಲ.

"ಸಿಟ್ಟಿದ್ದವ ಪೂರಾ ಒಡದು ಹೋಗ್ತಾನ. ಒಂದ ಮೂಲಿ ಯಾಕ ಒಯ್ತಾನ? ಯಾರ ಬಂಪರಿಂದ ಇದರ ಅಚ್ಚು ತಗದಿ?"

"ವಿರುಪಾಕ್ಷಪ್ಪ ಸಾವ್ಕಾರ್ರದರಿ. ಗೇಟಿಗೆ ಬಡೀತು ಅಂತ ಬಂಪರ್ ಅಷ್ಟ ಬಿಚ್ಚಿ ತಂದಿದ್ರು. ಎಡಕ್ಕ ದುಂಡನ ತೂತು ಇತ್ತು. ಒಳಗಿಂದ ಟೇಪ್ ಹಚ್ಚಿ ಅಚ್ಚು ತಗದೆ. ಗುರುತು ಅಚ್ಚಿಗೂ ಬಂತು. ಮೊದಲನೇ ಪೀಸ್ ತಗದು, ಆಮ್ಯಾಲೆ ಅಚ್ಚಿನ ಮ್ಯಾಲಿನ ಗುರುತು ತಿಕ್ಕಿ ಹಾಕೇನಲ್ರಿ."

"ಆ ಪೀಸ್ ಎಲ್ಲೈತಿ?"

"ಮೊದಲನೇದು ಮಾರಂಗಿಲ್ರಿ, ಮನಿಗೇ ಇಟ್ಕೋತೇನಿ. ಅಲ್ನೋಡ್ರಿ, ಕೋಳಿ ಗೂಡಿನ ಮ್ಯಾಲೆ."

*

ವಿರುಪಾಕ್ಷಪ್ಪ ಸುಡು ಬಿಸಿಲಲ್ಲೂ ತುಂಬುತೋಳಿನ ಅಂಗಿ ತೊಟ್ಟು ಠಾಣೆಗೆ ಬಂದ. ದ್ರೌಪದಿ ತೋಳು ಮಡಚಿಸಿ ನೋಡಿದರೆ ಬರೀ ಗುಳ್ಳೆ.

"ರವದಿ ಹತ್ತೈತ್ರಿ."

"ಗೀರು ಒಂದೂ ಇಲ್ಲಲ್ರಿ ಸಾವ್ಕಾರ್ರ."

ದ್ರೌಪದಿ ಆ ಹಾಲಿನ ಸೈಕಲ್ಲಿನ ಹ್ಯಾಂಡಲ್ ತುದಿಯನ್ನು ಕೋಳಿ ಗೂಡಿನ ಪೀಸಿನ ಗುರುತಿಗೆ ಹಿಡಿದಳು. ಸರಿಯಾಗಿ ಕೂತಿತು.

"ನೀವು ಕೊಯ್ದ ಮೂಲ್ಯಾಗ ಏನೂ ಇರ್ಲಿಲ್ರಿ. ದಾವಲಸಾಬ ಅದನ್ನ ಆಗಲೇ ತಿಕ್ಕಿ ಹಾಕಿದ್ದ. ಸುಮ್ನಿದ್ದಿದ್ರ ನಾ ಅವನ ಕೋಳಿ ಗೂಡು ನೋಡ್ತಿದ್ದಿಲ್ಲ."

ವಿರುಪಾಕ್ಷಪ್ಪ ಅಂಗಿಯ ತೋಳು ಕೆಳಗಿಳಿಸಿಕೊಂಡ. ಬಾಗಿಲಲ್ಲಿ ನಿಂತಿದ್ದ ಲಗಮವ್ವ ಅವನನ್ನೇ ನೋಡುತ್ತಿದ್ದಳು. ಅವಳ ದನಿ ಏರಲಿಲ್ಲ.

"ಮೊನ್ನಿ ಬಾಳಿಹಣ್ಣ ತಗೊಂಡು ನಮ್ಮ ಮನಿಯವರ್ನ ನೋಡಾಕ ಬಂದಿದ್ರಿ," ಎಂದಳು. "ಯಾರ್ ಗುದ್ದಿದ್ರವ್ವಾ ಅಂತ ನೀವ ಕೇಳಿದ್ರಿ."