ಮೆಟ್ಟಿಲ ಬಗ್ಗೆ ಬರೆದದ್ದು ನಿಜ

“ಇಲ್ಲಿ ‘ಕಡ್ಡಿ’ ಅಂದ್ರೆ ಯಾರು?”

ಪತ್ರಿಕಾ ಕಚೇರಿಯ ಬಾಗಿಲಲ್ಲಿ ನಿಂತಿದ್ದ ಆರಡಿ ಎತ್ತರದ ಮನುಷ್ಯನ ಕೈಯಲ್ಲಿ ಆ ದಿನದ ಪೇಪರ್ ಸುರುಳಿಯಾಗಿತ್ತು. ಎಲ್ಲರ ಕಣ್ಣೂ ಕಿಟಕಿ ಪಕ್ಕದ ಮೇಜಿನತ್ತ ಹೊರಳಿದವು.

ಅಲ್ಲಿ ಕುಳಿತಿದ್ದವಳು ಕುರ್ಚಿಯಿಂದ ಏಳಲಿಲ್ಲ.

“ನಾನೇ. ಹೇಳಿ.”

ಏನನ್ನೇ ಆಗಲಿ ಕಡ್ಡಿ ಮುರಿದಂತೆ ಹೇಳುವವಳು ಎಂದು ಸಹೋದ್ಯೋಗಿಗಳು ತಮಾಷೆಗೆ ಇಟ್ಟ ಹೆಸರು ಅದು. ಅವಳು ಅದನ್ನೇ ಹೆಮ್ಮೆಯಿಂದ ತನ್ನ ಅಂಕಣಕ್ಕೂ ಇಟ್ಟುಕೊಂಡಿದ್ದಳು. ಊರಿಗೆ ಹೊಸ ಕಟ್ಟಡ ಬರಲಿ, ಸೇತುವೆ ಬರಲಿ, ಅವಳ ಕಣ್ಣಿಂದ ತಪ್ಪಿಸಿಕೊಂಡದ್ದು ಒಂದೂ ಇಲ್ಲ. ಬೈಸಿಕೊಂಡವರು ಬಂದು ಕೂಗಾಡುವುದೂ ಅವಳಿಗೆ ಹೊಸದಲ್ಲ.

ಆದರೆ ಈತ ಕೂಗಾಡಲಿಲ್ಲ!

“ಹೊಸ ಲೈಬ್ರರಿ ಕಟ್ಟಡದ ಆರ್ಕಿಟೆಕ್ಟ್ ನಾನು,” ಎಂದು ಪೇಪರನ್ನು ಮೇಜಿನ ಮೇಲೆ ಬಿಡಿಸಿಟ್ಟ. “ಮೆಟ್ಟಿಲು ವಿಪರೀತ ಎತ್ತರ, ಹಿಡ್ಕೊಳ್ಳೋಕೆ ಕಂಬಿ ಇಲ್ಲ, ವಯಸ್ಸಾದವರು ಹತ್ತೋಕಾಗಲ್ಲ ಅಂತ ಬರ್ದಿದ್ದೀರಿ. ನಿಜ. ತಪ್ಪು ನಂದೇ. ಸರಿ ಮಾಡ್ತೀನಿ.”

“ಮತ್ತೆ...?”

ಅವನ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. ‘ಈ ಮೆಟ್ಟಿಲು ಕಟ್ಟಿದವರು ಮುದುಕರನ್ನು ಫೋಟೋದಲ್ಲಷ್ಟೇ ನೋಡಿರಬೇಕು!’

“ಮೆಟ್ಟಿಲ ಬಗ್ಗೆ ಬರ್ದಿದ್ದು ನಿಜ. ನನ್ನ ಬಗ್ಗೆ ಬರ್ದಿದ್ದು ಸುಳ್ಳು. ಅಷ್ಟು ಹೇಳೋಕೆ ಬಂದೆ.”

ಅಷ್ಟೇ! ಬಂದ ಹಾಗೇ ಹೊರಟುಹೋದ.

‘ಅಬ್ಬಾ, ಎಷ್ಟು ಜಂಬ!’ ಅಂದುಕೊಂಡಳು. ಆದರೆ ಆ ಶಾಂತವಾದ ಧ್ವನಿ ಕಿವಿಯಿಂದ ಹೋಗಲೇ ಇಲ್ಲ. ಓದುಗರ ಪ್ರತಿಕ್ರಿಯೆಗಳನ್ನು ತೆರೆದಳು. ಎಲ್ಲರೂ ಆ ಕೊನೆಯ ಸಾಲನ್ನೇ ಎತ್ತಿಕೊಂಡು ನಕ್ಕಿದ್ದರು. ‘ಸೂಪರ್!’, ‘ಮುಖಕ್ಕೆ ಹೊಡೆದ ಹಾಗಿದೆ!’ ಕಂಬಿ ಹಾಕಿಸಿ ಎಂದು ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ.

ಅವಳ ಎದೆಯಲ್ಲಿ ಏನೋ ಚುಚ್ಚಿತು. ‘ನಾನು ಬರೆದದ್ದು ಮೆಟ್ಟಿಲಿಗಾಗಿಯೋ... ಚಪ್ಪಾಳೆಗಾಗಿಯೋ?’

ಮರುದಿನ ಸಂಜೆ ಕಾಲುಗಳು ತಾವಾಗಿಯೇ ಲೈಬ್ರರಿಯತ್ತ ನಡೆದವು.

ಮೆಟ್ಟಿಲುಗಳ ನಡುವೆ, ಊರುಗೋಲು ಹಿಡಿದ ಅಜ್ಜಿಯೊಬ್ಬರು ಏದುಸಿರು ಬಿಡುತ್ತಾ ನಿಂತಿದ್ದರು. ಎರಡು ಮೆಟ್ಟಿಲು ಕೆಳಗೆ, ಕೈ ಚಾಚಿಕೊಂಡು ಅವನು!

“ಸಾಕು ಅಜ್ಜಿ, ಎತ್ಕೋತೀನಿ ಬಾ.”

“ಮುಟ್ಟಿದ್ರೆ ನೋಡು! ಇವತ್ತು ನಾನೇ ಹತ್ತಬೇಕು. ಹತ್ತಿದ್ರೆ ತಾನೇ ನಿಂಗೆ ಗೊತ್ತಾಗೋದು?” ಎಂದ ಅಜ್ಜಿಯ ಕಣ್ಣಿಗೆ ಅವಳು ಬಿದ್ದಳು. “ಯಾರಮ್ಮಾ ನೀನು?”

ಅವನ ಮುಖ ಬಿಗಿಯಿತು. “ಇವರೇ ಅಜ್ಜಿ... ಕಡ್ಡಿ.”

“ಓಹೋ! ಬಾ ಬಾ, ಕೈ ಕೊಡು.” ಅಜ್ಜಿ ಅವಳ ಕೈ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. “ನೀನು ಬರ್ದಿದ್ದು ಓದಿ ಬಿದ್ದು ಬಿದ್ದು ನಕ್ಕೆ ಕಣೇ. ಆಮೇಲೆ ನಮ್ಮ ಪುಟ್ಟನ ಮುಖ ನೋಡಿದೆ. ನಗು ಅರ್ಧಕ್ಕೇ ನಿಂತೋಯ್ತು.”

ಆರಡಿಯ ಪುಟ್ಟ ಮುಖ ತಿರುಗಿಸಿಕೊಂಡ.

“ಅಪ್ಪ ಅಮ್ಮ ಇಲ್ಲದ ಹುಡುಗ, ನಾನೇ ಸಾಕಿದ್ದು. ನನ್ನ ಮಂಡಿ ಕೆಟ್ಟಾಗಿನಿಂದ ಎಲ್ಲಿಗೆ ಹೋದ್ರೂ ಎತ್ಕೊಂಡೇ ಹೋಗ್ತಾನೆ. ನಾನು ಮೆಟ್ಟಿಲು ಹತ್ತೋದನ್ನ ಇವನು ನೋಡಿದ್ದೇ ಇಲ್ಲ. ಅದಕ್ಕೇ ಗೊತ್ತಾಗ್ಲಿಲ್ಲ ಪಾಪ, ಮೆಟ್ಟಿಲು ಎಷ್ಟು ಎತ್ತರ ಅಂತ!”

ಪ್ರೀತಿಯಿಂದ ಆದ ತಪ್ಪನ್ನು ಅವಳು ಪ್ರೀತಿಯೇ ಇಲ್ಲದವನ ತಪ್ಪೆಂದು ಊರಿಗೆಲ್ಲ ಸಾರಿದ್ದಳು.

“ಕ್ಷಮಿಸಿ,” ಎಂದಳು ನೇರವಾಗಿ ಅವನ ಕಣ್ಣು ನೋಡಿ. “ಮೆಟ್ಟಿಲ ಮಾತು ವಾಪಸ್ ತಗೊಳ್ಳಲ್ಲ. ಆ ಕೊನೇ ಸಾಲು ತಗೋತೀನಿ. ಎಲ್ಲಿ ಬರ್ದಿದ್ನೋ ಅಲ್ಲೇ.”

ಅವನು ಮೊದಲ ಬಾರಿಗೆ ಅವಳನ್ನು ಸರಿಯಾಗಿ ನೋಡಿದ.

ಸಂಪಾದಕರು ತಲೆ ಚಚ್ಚಿಕೊಂಡರು. “ಅಮ್ಮಾ ತಾಯಿ, ಆ ಸಾಲಿಗೇ ಜನ ಬಿದ್ದಿರೋದು! ಅದನ್ನೇ ಸುಳ್ಳು ಅಂತೀಯಾ?”

“ಸುಳ್ಳನ್ನ ಸುಳ್ಳು ಅಂದ್ರೆ ತಾನೇ ಸರ್, ನಿಜಾನ ನಿಜ ಅಂತ ನಂಬೋದು?”

ಅಂಕಣ ಅಚ್ಚಾಯಿತು. ಕೆಲವರು ‘ಕಡ್ಡಿ ಮೆತ್ತಗಾಯ್ತು’ ಎಂದು ಆಡಿಕೊಂಡರು. ಅವಳು ತಲೆಯೆತ್ತಿಕೊಂಡೇ ಓಡಾಡಿದಳು. ಯಾಕೆಂದರೆ, ಆ ವಾರ ಮೊದಲ ಬಾರಿಗೆ ಓದುಗರು ಕಂಬಿಯ ಬಗ್ಗೆ ಬರೆದರು, ಇಳಿಜಾರು ದಾರಿ ಬೇಕೆಂದು ಕೇಳಿದರು. ಲೈಬ್ರರಿ ಸಮಿತಿ ಕೆಲಸಕ್ಕೆ ಒಪ್ಪಿತು.

ಅಲ್ಲಿಂದ ಶುರುವಾಯಿತು ಅವಳ ಸಂಜೆಯ ಭೇಟಿ. ಅಜ್ಜಿಯ ಕೈ ಹಿಡಿದು ಅವಳು ಹತ್ತುವುದು, ಅಜ್ಜಿ ಎಲ್ಲಿ ದಣಿದು ನಿಂತರೆಂದು ಅವನು ಸೀಮೆಸುಣ್ಣದಲ್ಲಿ ಗುರುತು ಹಾಕುವುದು... ಹಳೆಯ ಮೆಟ್ಟಿಲು ಒಡೆದು ಹೊಸದು ಎದ್ದಿತು.

“ನೀವು ಕಡ್ಡೀನ ಗುಡ್ಡ ಮಾಡೋರು ಅಂದ್ಕೊಂಡಿದ್ದೆ,” ಎಂದ ಒಂದು ದಿನ.

“ಈಗ?”

“ಈಗ... ನೀವು ಬರದಿದ್ರೆ ಸಂಜೆ ಆದ ಹಾಗೇ ಅನ್ಸಲ್ಲ.”

ಅವಳ ಕೆನ್ನೆ ಬಿಸಿಯಾಯಿತು.

ಆದರೆ ಕಟ್ಟಡ ಮತ್ತೆ ತೆರೆಯುವ ದಿನ ಹತ್ತಿರವಾದಾಗ ಅವನು ತಲೆ ತಗ್ಗಿಸಿ ಹೇಳಿದ, “ಈ ಸಲ ನೀವು ಬರೀಬೇಡಿ. ದಯವಿಟ್ಟು.”

‘ಇನ್ನೂ ನನ್ನ ಮೇಲೆ ನಂಬಿಕೆ ಇಲ್ಲ...’ ಯಾಕೆಂದು ಕೇಳಲು ಅವಳ ಸ್ವಾಭಿಮಾನ ಬಿಡಲಿಲ್ಲ. ಮಾರನೆಯ ದಿನದಿಂದ ಹೋಗುವುದನ್ನೇ ನಿಲ್ಲಿಸಿದಳು.

ಬರೆಯದೆ ಇರಬಹುದಿತ್ತು. ಆದರೆ ಈ ಕಟ್ಟಡವನ್ನು ಊರಿನ ಎದುರು ನಿಲ್ಲಿಸಿ ಬೈದವಳು ಅವಳೇ. ಸರಿಯಾದಾಗ ಬಾಯಿ ಮುಚ್ಚಿಕೊಂಡರೆ ಅದೆಂಥ ನ್ಯಾಯ? ಅವಳು ಒಬ್ಬಳೇ ಹೋಗಿ, ಒಳಗೂ ಹೊರಗೂ ಸುತ್ತಿ ನೋಡಿ, ಬರೆಯಲು ಕುಳಿತಳು.

ಓದಿದ ಸಂಪಾದಕರು ಕನ್ನಡಕ ತೆಗೆದರು.

“ಮೊದಲನೇ ಸಾಲು... ಇದು ಇರ್ಲೇಬೇಕಾ?”

“ಇರ್ಬೇಕು ಸರ್. ಯಾರ ಕಣ್ಣಿಂದ ನೋಡ್ತಿದೀವಿ ಅಂತ ಓದೋರಿಗೆ ಗೊತ್ತಿರ್ಬೇಕಲ್ವಾ?”

“ಆ ಹುಡುಗನಿಗೆ ಗೊತ್ತಾ?”

“ಇನ್ನೂ ಇಲ್ಲ ಸರ್.”

“ಎದ್ದೇಳು! ಊರಿಗೆ ಡಂಗುರ ಹೊಡೆಯೋ ಮೊದ್ಲು ಅವನಿಗೆ ಹೇಳು. ನಿಜ ಹೇಳೋಕೂ ಒಂದು ಸರದಿ ಇರತ್ತೆ ಕಣಮ್ಮಾ.”

ಅವನು ಲೈಬ್ರರಿಯ ಹೊಸ ಕಂಬಿಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ಅವಳನ್ನು ಕಂಡದ್ದೇ ಬಟ್ಟೆ ಕೈಜಾರಿತು.

“ನೀವು ಬೇಡ ಅಂದ್ರೂ ಬರ್ದಿದೀನಿ. ಅಚ್ಚಾಗೋ ಮೊದ್ಲು ನೀವು ಓದ್ಬೇಕು,” ಎಂದು ಹಾಳೆ ಚಾಚಿದಳು.

ಅವನು ಮೆಲ್ಲಗೆ ಓದತೊಡಗಿದ. “ಈ ಕಟ್ಟಡದ ಶಿಲ್ಪಿಯನ್ನು ನಾನು ಪ್ರೀತಿಸುತ್ತೇನೆ. ಇದನ್ನು ತಿಳಿದುಕೊಂಡೇ ಓದುಗರು ಮುಂದೆ ಓದಬೇಕು...”

ಧ್ವನಿ ನಿಂತುಹೋಯಿತು.

“ಮುಂದೆ ಓದಿ,” ಎಂದಳು. ತಲೆ ತಗ್ಗಲಿಲ್ಲ.

ಮೆಟ್ಟಿಲು ಈಗ ಅಜ್ಜಿಯ ಕಾಲಿಗೂ ಮೊಮ್ಮಗುವಿನ ಕಾಲಿಗೂ ಒಗ್ಗುತ್ತದೆ ಎಂದು ಬರೆದಿದ್ದಳು. ತಪ್ಪನ್ನು ಒಪ್ಪಿಕೊಂಡು ಒಡೆದು ಕಟ್ಟುವವರು ಅಪರೂಪ ಎಂದಿದ್ದಳು. ಕೊನೆಯಲ್ಲಿ ಹೀಗಿತ್ತು: ‘ಆದರೆ ಮುಂಬಾಗಿಲು ಬಲು ಭಾರ. ಊರುಗೋಲು ಹಿಡಿದು ಬರುವವರು ಇನ್ನೊಂದು ಕೈಯನ್ನು ಮನೆಯಿಂದಲೇ ತರಬೇಕಾದೀತು.’

ಅವನು ನಕ್ಕುಬಿಟ್ಟ! ನಗುತ್ತಲೇ ಕಣ್ಣು ತುಂಬಿಕೊಂಡವು.

“ಬಾಗಿಲು ಭಾರ ಅಂತ ನಿನ್ನೆ ಅಜ್ಜಿನೂ ಬೈದ್ಲು.”

“ತೆಗೀಬೇಕಾ ಅದನ್ನ?”

“ತೆಗೆದ್ರೆ ನಾನೇ ಸಂಪಾದಕರ ಹತ್ರ ಜಗಳಕ್ಕೆ ಬರ್ತೀನಿ. ಬರೀಬೇಡಿ ಅಂದಿದ್ದು ಯಾಕೆ ಗೊತ್ತಾ? ನೀವು ನನಗೋಸ್ಕರ ಒಂದೇ ಒಂದು ಮಾತು ನುಂಗ್ಕೊಂಡಿದ್ರೂ ನಿಮ್ಮ ಹೆಸರಿಗೆ ಮಸಿ ಬೀಳ್ತಿತ್ತು. ಅದು ನನ್ನಿಂದ ಆಗ್ಬಾರ್ದು ಅಂತ...” ಅವನು ಎದೆಯುಬ್ಬಿಸಿ ಹಾಳೆ ಎತ್ತಿ ಹಿಡಿದ. “ಮೇಲೆ ಹೊಗಳಿದ್ದು ಓದಿ ಖುಷಿ ಆಯ್ತು. ಹೀಗೆ ಬೈಸ್ಕೊಂಡಿದ್ದಕ್ಕೆ ಹೆಮ್ಮೆ ಆಗ್ತಿದೆ!”

ಅವಳ ಕಣ್ಣಿಂದ ಹನಿಯೊಂದು ಜಾರಿತು.

“ಆದ್ರೆ ಮೊದಲನೇ ಸಾಲಲ್ಲಿ ಒಂದು ತಪ್ಪಿದೆ,” ಎಂದ ಗಂಭೀರವಾಗಿ.

“ಏನು...?”

“ಒಬ್ಬರೇ ಪ್ರೀತಿಸ್ತಿರೋ ಹಾಗೆ ಬರ್ದಿದೀರಿ. ಓದುಗರಿಗೆ ಅರ್ಧ ನಿಜ ಹೇಳೋದಾ?”

ಜೇಬಿನಿಂದ ಪೆನ್ಸಿಲ್ ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಚಿದ.

“ತಿದ್ದಿ.”

“ನೀವೇ ಹೇಳಿ, ಹೇಗೆ ತಿದ್ದಲಿ?”

“‘ಅವರೂ ನನ್ನನ್ನು’ ಅಂತ ಸೇರಿಸಿ. ತುಂಬಾ ದಿನದಿಂದ ಅಂತಾನೂ ಹಾಕಿ.”

“ತುಂಬಾ ದಿನದಿಂದ... ನಿಜಾನಾ?”

“ನಿಮ್ಮ ಹತ್ರ ಸುಳ್ಳು ಹೇಳಿ ಬದುಕೋಕಾಗತ್ತಾ?”